ಕೆಂಚಿ ಕೊಟ್ಟ ಮೈಲೇಜು

ನಮ್ಮೂರಿನಲ್ಲಿ ಎಲ್ಲ ದಾರಿಗಳೂ ಏರು. ಮನೆಯಿಂದ ಸಂತೆಗೆ ಹೋಗುವಾಗ ಏರು, ಸಂತೆಯಿಂದ ಮನೆಗೆ ಬರುವಾಗ ಅದೇ ದಾರಿ ಮತ್ತೆ ಏರು. ಅದು ಹೇಗೆ ಸಾಧ್ಯ ಎಂದು ಹೊರಗಿನವರು ಕೇಳುತ್ತಾರೆ. ಕೇಳುವುದಕ್ಕೆ ಅವರಿಗೆ ದಮ್ಮಿದೆ, ಕೇಳಲಿ. ನಾವು ಹುಟ್ಟಿದಾಗಿನಿಂದ ಹತ್ತುತ್ತಲೇ ಇದ್ದೇವೆ, ಹತ್ತುವಾಗ ಯಾರೂ ಹೆಚ್ಚು ಮಾತಾಡುವುದಿಲ್ಲ. ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಮುಖಕ್ಕಿಂತ ಮೊದಲು ಮೀನಖಂಡ ನೋಡುತ್ತಾರೆ. ಸೈಕಲ್ ಅಂಗಡಿ ಇಟ್ಟವನೊಬ್ಬ ಮೂರೇ ತಿಂಗಳಿಗೆ ಕದ ಹಾಕಿಕೊಂಡು ಹೋದ. ಮುಂದೆ ನೋಡಿದರೂ ಏರು, ಹಿಂದೆ ನೋಡಿದರೂ ಏರು, ಹಾಗಾಗಿ ನಿಲ್ಲಿಸಿದ ಗಾಡಿ ನಿಲ್ಲಿಸಿದಲ್ಲೇ ಇರುತ್ತದೆ. ಗಾಲಿಗೆ ಕಲ್ಲು ಕೊಡುವ ಗೊಡವೆ ನಮಗಿಲ್ಲ.

ಇಂಥ ಊರಿನಲ್ಲಿ ಗಾಡಿ ಎಷ್ಟು ಡೀಸೆಲ್ ಕುಡಿಯುತ್ತದೆ ಎಂಬುದಕ್ಕಿಂತ ದೊಡ್ಡ ವಿಷಯ ಇನ್ನೇನಿರುತ್ತದೆ? ಎದುರಿಗೆ ಸಿಕ್ಕವರನ್ನು ನಾವು ಆರಾಮ ಇದ್ದೀರಾ ಎಂದು ಕೇಳುವುದಿಲ್ಲ, ಎಷ್ಟು ಕೊಡುತ್ತದೆ ಎಂದು ಕೇಳುತ್ತೇವೆ. ಗಾಡಿ ಹತ್ತುವ ಮೊದಲು ಬಾಯಲ್ಲಿನ ಎಲೆಅಡಿಕೆ ಉಗುಳಬೇಕು, ಅದೂ ಭಾರವೇ. ಪಂಚಾಯಿತಿ ಅಧ್ಯಕ್ಷ ಚನವೀರಪ್ಪ ದೊಡ್ಡ ಹೊಟ್ಟೆಯ ಮನುಷ್ಯ. ಅವನು ತನ್ನ ಗಾಡಿಯನ್ನು ಮುಂದೆ ಕಳಿಸಿ ತಾನು ಹಿಂದೆ ಏದುಸಿರು ಬಿಡುತ್ತ ನಡೆದು ಬರುತ್ತಾನೆ, ಬಂದು ತನ್ನ ಗಾಡಿಯ ಮೈಲೇಜು ಹೇಳಿ ಮೀಸೆ ತಿರುವುತ್ತಾನೆ.

ಗಡಿಗಲ್ಲಿನ ಆಚೆ ಮೊದಲು ಗಾಡಿದಾರಿ ಇರಲಿಲ್ಲ. ಹೊಸ ಗಾಡಿಗಳು ಬಿಡಿಬಿಡಿಯಾಗಿ ಕತ್ತೆಗಳ ಮೇಲೆ ಬರುತ್ತಿದ್ದವು. ನಮ್ಮ ದಸ್ತಗೀರ್ ಮಿಸ್ತ್ರಿ ಅವನ್ನು ಜೋಡಿಸುತ್ತಿದ್ದ, ಬ್ರೇಕೊಂದನ್ನು ಬಿಟ್ಟು. ಬ್ರೇಕು ಯಾಕೆ ಬೇಕು? ಕಾಲು ತೆಗೆದರೆ ಗಾಡಿ ತಾನೇ ನಿಲ್ಲುತ್ತದೆ. ಬೇಗ ನಿಲ್ಲಬೇಕಾದರೆ ನ್ಯೂಟ್ರಲ್ಲಿಗೆ ಹಾಕಿದರೆ ಆಯಿತು, ಏರು ಅದನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಸುಮ್ಮನೆ ನಲವತ್ತು ಕಿಲೋ ಕಬ್ಬಿಣ ಯಾರು ಹೊರುತ್ತಾರೆ? ಉಳಿದ ಬ್ರೇಕನ್ನು ದೃಷ್ಟಿ ತಾಗದಿರಲೆಂದು ನಾವು ಮನೆಯ ಬಾಗಿಲಿಗೆ ನೇತುಹಾಕುತ್ತೇವೆ, ನಡುವೆ ಒಂದು ಹಸಿಮೆಣಸಿನಕಾಯಿ ಸಿಗಿಸಿ.

ನಾನು ಫಕೀರವ್ವ. ಐವತ್ತೆರಡು ದಾಟಿದೆ. ಗಂಡ ಹೋಗುವಾಗ ನನಗೆ ಬಿಟ್ಟುಹೋದದ್ದು ಒಂದು ಕೆಂಪು ಪಿಕಪ್ಪು, ಕೆಂಚಿ. ಹದಿನೆಂಟು ವರ್ಷ ಕೆಂಚಿಯ ಬೆನ್ನಿಗೆ ನೀರಿನ ಟ್ಯಾಂಕರು ಕಟ್ಟಿ ಕೆರೆಯಿಂದ ಊರಿಗೆ ಎಳೆದೆ. ದಿನಕ್ಕೆ ಎರಡು ಸಲ. ಪಂಚಾಯಿತಿ ಕೊಟ್ಟ ಹಕ್ಕು ಅದು. ಟ್ಯಾಂಕರು ತುಂಬಿದ್ದಾಗ ಕೆಂಚಿ ಲೀಟರಿಗೆ ನಾಲ್ಕು ಕಿಲೋಮೀಟರು ಕೊಡುತ್ತಿದ್ದಳು. ನಮ್ಮೂರಿನಲ್ಲಿ ಅದಕ್ಕಿಂತ ಹೆಚ್ಚು ಕೊಟ್ಟ ಗಾಡಿ ಇರಲಿಲ್ಲ, ಅದಕ್ಕಿಂತ ಹೆಚ್ಚು ಜಂಬ ಕೊಚ್ಚಿದ ಹೆಂಗಸೂ ಇರಲಿಲ್ಲ. ಆ ಕೆಲಸ ಬಿಟ್ಟರೆ ನನಗೆ ಬೇರೆ ಬದುಕಿಲ್ಲ. ರೊಟ್ಟಿ ಬಡಿಯುವುದೂ ನನಗೆ ಸರಿಯಾಗಿ ಬರುವುದಿಲ್ಲ.

ಹೋದ ವರ್ಷ ಹೊರಗಿನಿಂದ ಡಾಂಬರು ರಸ್ತೆಯೊಂದು ನಮ್ಮ ಗಡಿಗಲ್ಲಿನವರೆಗೆ ಬಂದು ನಿಂತಿತು. ಅದರ ಮೇಲೆ ಮೊದಲು ಬಂದವನು ನಂದೀಶ. ಪಿಕಪ್ಪು ಮಾರುವ ಯಾವುದೋ ಕಂಪನಿಯ ಹುಡುಗ, ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ. ಅವನು ತಂದ ಗಾಡಿ ಬಿಳಿಯದು, ಎತ್ತರ, ಹಿಂದೆ ಜೋಡಿ ಗಾಲಿ. ಪಂಚಾಯಿತಿ ಕಟ್ಟೆಯ ಮುಂದೆ ಅದನ್ನು ನಿಲ್ಲಿಸಿ ಬಾಯಿಪಾಠ ಒಪ್ಪಿಸಿದ.

"ಹತ್ತು ಟನ್ ಎಳೆಯುತ್ತೆ ಸಾರ್. ಟ್ಯಾಂಕರ್ ಕಟ್ಟಿದ್ರೂ ಲೀಟರಿಗೆ ಏಳು ಕೊಡುತ್ತೆ."

ಏಳು ಎಂದ ಕೂಡಲೇ ಕಟ್ಟೆಯ ಮೇಲೆ ಕೂತವರು ಉಸಿರು ಹಿಡಿದರು. ಚನವೀರಪ್ಪ ಎದ್ದು ಬಂದು ಗಾಡಿಯ ಬಾನೆಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಎಲ್ಲರೂ ಒಮ್ಮೆ ಗಾಡಿಯ ಕಡೆ, ಒಮ್ಮೆ ನನ್ನ ಕಡೆ ನೋಡತೊಡಗಿದರು.

"ಬಾಯಿ ಏಳು ಕೊಡ್ತೈತಿ, ಗಾಡಿ ಎಷ್ಟು ಕೊಡ್ತೈತಿ ನೋಡೂಣು," ಎಂದೆ ನಾನು.

"ಖರೇ ಮಾತು," ಎಂದ ಚನವೀರಪ್ಪ. "ಇಬ್ಬರೂ ಒಂದೊಂದು ತುಂಬಿದ ಟ್ಯಾಂಕರ್ ಎಳೀರಿ. ಲೀಟರಿಗೆ ಯಾರ ಗಾಡಿ ಹೆಚ್ಚು ಕೊಡ್ತೈತೋ ನೀರಿನ ಹಕ್ಕು ಅವರದು. ತಮ್ಮಾ, ನೀ ಸೋತ್ರ ಏನ್ ಮಾಡ್ತಿ?"

ನಂದೀಶ ನಕ್ಕ. "ಸೋತ್ರೆ ಗಾಡಿ ಇಲ್ಲೇ ಬಿಟ್ಟು ನಡ್ಕೊಂಡು ಹೋಗ್ತೀನಿ ಸಾರ್."

ಆ ಮಾತನ್ನು ಪಂಚಾಯಿತಿಯ ಪುಸ್ತಕದಲ್ಲಿ ಬರೆಸಿ ಅವನ ಸಹಿ ಹಾಕಿಸಿಕೊಂಡರು. ಆಮೇಲೆ ದಾರಿಯ ಪ್ರಶ್ನೆ ಬಂತು. ಊರೊಳಗಿನ ದಾರಿ ಫಕೀರವ್ವನಿಗೆ ಅಂಗೈಯಷ್ಟು ಗೊತ್ತು, ಹೊಸ ರಸ್ತೆಯಾದರೆ ಇಬ್ಬರಿಗೂ ನ್ಯಾಯ ಎಂದ ಚನವೀರಪ್ಪ. ಗಡಿಗಲ್ಲು ದಾಟಿ ಒಂಬತ್ತು ಕಿಲೋಮೀಟರು ಹೋಗಿ, ಹೆದ್ದಾರಿ ಕೂಡುವಲ್ಲಿ ತಿರುಗಿಸಿಕೊಂಡು ಬರುವುದು. ಇದನ್ನು ಕೇಳಿ ನಂದೀಶನ ನಗು ಮಾಯವಾಯಿತು.

"ಆ ರಸ್ತೆ ಬೇಡ ಸಾರ್. ಅಲ್ಲಿ ಇಳಿಜಾರಿದೆ. ಇವರ ಗಾಡಿಗೆ ಬ್ರೇಕೇ ಇಲ್ಲವಲ್ಲ."

ಇಳಿಜಾರು ಎಂಬ ಮಾತನ್ನು ನಾವು ಕೇಳಿರಲಿಲ್ಲವೆಂದಲ್ಲ. ಹೊರಗೆ ನಡೆದು ಹೋಗಿ ಬಂದ ಕೆಲವರು ಅದರ ಬಗ್ಗೆ ಏನೇನೋ ಹೇಳಿ ಮೊಣಕಾಲು ನೀವಿಕೊಳ್ಳುತ್ತಿದ್ದರು. ಅದೊಂದು ಕಾಯಿಲೆಯಿರಬೇಕು ಎಂದುಕೊಂಡಿದ್ದೆವು. ನಂದೀಶ ಅಂಗೈಯನ್ನು ಓರೆಯಾಗಿ ಹಿಡಿದು ತೋರಿಸಿದ. ಚನವೀರಪ್ಪ ಕತ್ತು ವಾಲಿಸಿ ನೋಡಿದ.

"ಇದು ಏರಲ್ಲೇನು?"

"ಈ ಕಡೆಯಿಂದ ಹೋದ್ರೆ ಇಳಿಜಾರು ಸಾರ್."

"ಆ ಕಡಿಂದ ಬಂದ್ರ?"

"ಏರು."

"ಮತ್ತ ಏರಂದ್ರ ಆತಲ್ಲ. ಇಷ್ಟಕ್ಕ ಯಾಕ ಗದ್ದಲಾ ಮಾಡ್ತಿ? ಸೋಲ್ತೀನಿ ಅನಸಿದ್ರ ಈಗ ಹೇಳು, ಗಾಡಿ ಬಿಟ್ಟು ನಡಿ."

ಅಷ್ಟರಲ್ಲಿ ದಸ್ತಗೀರ್ ಮಿಸ್ತ್ರಿ ನಟ್ಟು ಬಿಚ್ಚುವ ಪಾನಾ ಹಿಡಿದು ಮುಂದೆ ಬಂದ. ಭಾರ ಸಮ ಇರಬೇಕು, ಬಿಳಿ ಗಾಡಿಯ ಬ್ರೇಕೂ ಬಿಚ್ಚುತ್ತೇನೆ ಎಂದ. ನಂದೀಶ ಎರಡೂ ಕೈ ಚಾಚಿ ಗಾಲಿಗೆ ಅಡ್ಡ ನಿಂತುಬಿಟ್ಟ. ನನಗೆ ಒಳಗೊಳಗೇ ಖುಷಿ. ನಲವತ್ತು ಕಿಲೋ ಹೆಚ್ಚಿಗೆ ಹೊತ್ತುಕೊಂಡು ಓಡಲಿ, ಸೋಲಲಿ.

"ಇರಲಿ ಬಿಡೋ ದಸ್ತಗೀರಣ್ಣ," ಎಂದೆ, ದೊಡ್ಡ ಮನಸ್ಸಿನವಳ ಹಾಗೆ. "ಪರಊರಿನ ಹುಡುಗ, ಅಂಜ್ಯಾನ."

ನನ್ನ ಔದಾರ್ಯವನ್ನು ಊರೇ ಹೊಗಳಿತು. ನಾನೂ ತಲೆ ತಗ್ಗಿಸಿ ಹೊಗಳಿಸಿಕೊಂಡೆ.

ಪಂದ್ಯಕ್ಕೆ ಮೊದಲು ಕೆಂಚಿಯ ಬಾಗಿಲು ಬಿಚ್ಚಿದೆ, ಕನ್ನಡಿ ಬಿಚ್ಚಿದೆ, ಸೀಟು ತೆಗೆದು ಗೋಣಿಚೀಲ ಹಾಸಿಕೊಂಡೆ. ನನ್ನ ಬಳೆ ತೆಗೆದಿಟ್ಟೆ. ಹಿಂದಿನ ದಿನದಿಂದ ಬರೀ ಮಜ್ಜಿಗೆ ಕುಡಿದೆ. ತಲೆ ಬೋಳಿಸಿಕೊಂಡರೆ ಇನ್ನೂ ಕಾಲು ಕಿಲೋ ಇಳಿಯುತ್ತದೆ ಎಂದ ದಸ್ತಗೀರ್. ಅವನ ಪಾನಾ ಕಸಿದು ಅವನ ಮೇಲೇ ಬೀಸಿದೆ, ತಪ್ಪಿಸಿಕೊಂಡ. ಬೆಳಿಗ್ಗೆ ಎರಡೂ ಗಾಡಿಗಳ ಡೀಸೆಲ್ ಟ್ಯಾಂಕು ಗಂಟಲಮಟ ತುಂಬಿಸಿ, ಮುಚ್ಚಳಕ್ಕೆ ಅರಗಿನ ಮುದ್ರೆ ಒತ್ತಿ, ಕಿಲೋಮೀಟರು ಓದಿ ಬರೆದುಕೊಂಡು ಬಿಟ್ಟರು.

ಊರಿನಿಂದ ಗಡಿಗಲ್ಲಿಗೆ ಎರಡು ಕಿಲೋಮೀಟರು. ನಂದೀಶ ಮುಂದೆ, ನಾನು ಹಿಂದೆ. ಅವನಷ್ಟು ನಿಧಾನವಾಗಿ ಓಡಿಸುವವನನ್ನು ನಾನು ನೋಡಿರಲಿಲ್ಲ. ಚಿಕ್ಕ ಗೇರಿನಲ್ಲಿ ಗೊರಗೊರ ಎನ್ನಿಸುತ್ತ ಡೀಸೆಲ್ ಸುಡುತ್ತಿದ್ದ. ಮುಂದೆ ಹಾಯಲು ಎಡಕ್ಕೆ ಹೋದರೆ ಎಡಕ್ಕೆ ಬಂದ, ಬಲಕ್ಕೆ ಹೋದರೆ ಬಲಕ್ಕೆ. ಸೊಕ್ಕಿನ ಮಗ ಎಂದು ಬೈದುಕೊಂಡೆ. ಆದರೂ ಒಳ್ಳೆಯದೇ ಆಯಿತು, ಹೀಗೇ ಸುಡಲಿ, ಏಳು ಹೋಗಿ ಮೂರಕ್ಕೆ ಬರಲಿ.

ಗಡಿಗಲ್ಲು ದಾಟಿತು. ಸ್ವಲ್ಪ ಹೊತ್ತಿಗೆ ನನಗೆ ಏನೋ ವಿಚಿತ್ರವೆನಿಸಿತು. ಕೆಂಚಿ ಗೊಣಗುವುದನ್ನು ನಿಲ್ಲಿಸಿದ್ದಳು. ಹದಿನೆಂಟು ವರ್ಷದಿಂದ ಕಾಲಿನ ಕೆಳಗೆ ಭಾರವಾಗಿದ್ದ ಆಕ್ಸಿಲೇಟರು ಹಗುರಾಗಿತ್ತು. ಬೆನ್ನ ಹಿಂದೆ ಟ್ಯಾಂಕರು ಇದೆಯೋ ಬಿಚ್ಚಿಹೋಯಿತೋ ಎಂದು ತಿರುಗಿ ನೋಡಿದೆ. ಇತ್ತು. ಅಷ್ಟೇ ಅಲ್ಲ, ಅದು ನನ್ನನ್ನು ಹಿಂದಿನಿಂದ ನೂಕುತ್ತಿತ್ತು. ಮುಖಕ್ಕೆ ತಣ್ಣನೆ ಗಾಳಿ ಹೊಡೆಯಿತು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೆ ಬಹಳ ಸುಖವಾಯಿತು. ಹುಟ್ಟಿ ಐವತ್ತೆರಡು ವರ್ಷದಲ್ಲಿ ದಾರಿ ನನಗೆ ಮೊದಲ ಸಲ ಏನನ್ನೋ ಪುಕ್ಕಟೆ ಕೊಟ್ಟಿತ್ತು. ಗಂಡ ಇರಬೇಕಿತ್ತು ಅನ್ನಿಸಿತು.

ಮುಂದೆ ಒಂದು ತಿರುವು ಕಂಡಿತು. ಕಾಲು ತೆಗೆದೆ. ಕೆಂಚಿ ನಿಲ್ಲಲಿಲ್ಲ. ಸರಿ, ಬೇಗ ನಿಲ್ಲಬೇಕಾದಾಗ ಮಾಡುವುದನ್ನೇ ಮಾಡಿದೆ, ನ್ಯೂಟ್ರಲ್ಲಿಗೆ ಹಾಕಿದೆ.

ಅಲ್ಲಿಂದ ಕೆಂಚಿ ನನ್ನ ಕೈಯಲ್ಲಿ ಉಳಿಯಲಿಲ್ಲ. ಮರಗಳು ಹಿಂದಕ್ಕೆ ಓಡತೊಡಗಿದವು. ಮತ್ತೆ ಗೇರು ಹಾಕಲು ಹೋದರೆ ಕಟಕಟ ಹಲ್ಲು ಕಡಿಯಿತೇ ಹೊರತು ಕೂರಲಿಲ್ಲ. ಕಾಲಿಗೆ ಸಿಕ್ಕಲ್ಲೆಲ್ಲ ತುಳಿದೆ, ತುಳಿದೆ, ಹಿಡಿದು ನಿಲ್ಲಿಸುವಂಥದ್ದು ಅಲ್ಲಿ ಏನೂ ಇರಲಿಲ್ಲ. ನಾನು ಬಾಯಿಬಡುಕಿ, ಊರಿಗೇ ಗೊತ್ತು. ಆಗ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಸಾಯುತ್ತೇನೆ ಎಂದು ಸ್ಪಷ್ಟವಾಗಿ ಗೊತ್ತಾಯಿತು, ಬದುಕಬೇಕೆಂಬ ಆಸೆ ಅಷ್ಟೇ ಸ್ಪಷ್ಟವಾಗಿ ಹುಟ್ಟಿತು. ಹಕ್ಕು ಬೇಡ, ಮೈಲೇಜು ಬೇಡ, ಕೆಂಚಿಯೂ ಬೇಡ, ನೆಲದ ಮೇಲೆ ಎರಡು ಕಾಲೂರಿ ನಿಂತರೆ ಸಾಕಾಗಿತ್ತು.

ನಂದೀಶನ ಟ್ಯಾಂಕರಿನ ಬೆನ್ನು ಎದುರಿಗೆ ದೊಡ್ಡದಾಗುತ್ತ ಬಂತು. ಅವನು ಬದಿಗೆ ಸರಿಯುತ್ತಾನೆ, ಯಾರೇ ಆದರೂ ಸರಿಯುತ್ತಾರೆ ಎಂದುಕೊಂಡೆ. ಅವನು ಸರಿಯಲಿಲ್ಲ. ಬದಲಿಗೆ ವೇಗ ಏರಿಸಿ ನನ್ನ ವೇಗಕ್ಕೆ ಹತ್ತಿರ ಬಂದ. ಕೆಂಚಿಯ ಮೂತಿ ಅವನ ಟ್ಯಾಂಕರಿಗೆ ದಢ್ ಎಂದು ಬಡಿದು ಅಂಟಿಕೊಂಡಿತು. ಆಮೇಲೆ ಕೇಳಿದ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಿರ್ರೆಂದು ಉದ್ದಕ್ಕೆ ಎಳೆದ ಕೂಗು, ಸುಟ್ಟ ವಾಸನೆ, ಜೋಡಿ ಗಾಲಿಗಳಿಂದ ಹೊಗೆ. ಅವನ ಬ್ರೇಕಿನ ಮೇಲೆ ಎರಡು ಗಾಡಿ, ಎರಡು ಟ್ಯಾಂಕರು, ನನ್ನ ಐವತ್ತೆಂಟು ಕಿಲೋ ಎಲ್ಲ ಬಿದ್ದಿದ್ದವು. ಕೂಡುರಸ್ತೆಯ ಹತ್ತಿರ ಬಂದು ಎಲ್ಲವೂ ನಿಂತವು.

ನಾನು ಇಳಿದು ರಸ್ತೆಯ ಮೇಲೆ ಕೂತುಬಿಟ್ಟೆ. ನಂದೀಶನೂ ಬಂದು ಪಕ್ಕದಲ್ಲಿ ಕೂತ. ಬ್ರೇಕು ತುಳಿದ ಬಲಗಾಲನ್ನು ಎರಡೂ ಕೈಯಿಂದ ನೀವಿಕೊಂಡ.

"ನೀ ಯಾಕ ಬದಿಗಿ ಸರೀಲಿಲ್ಲ?" ಎಂದೆ.

"ಸರಿದಿದ್ರೆ ನೀವು ನೇರ ಹೆದ್ದಾರಿಗೆ ಹೋಗ್ತಿದ್ರಿ ಮೇಡಂ. ಲಾರಿಗಳು ಓಡಾಡ್ತವೆ."

"ಮತ್ತ ಆಗಿಂದ ನನ್ನ ಮುಂದ ಬಿಡಲಾರದ ಸತಾಯಿಸಿದೆಲ್ಲ?"

"ನೀವು ಹಿಂದಿನಿಂದ ಬಂದು ಗುದ್ದೇ ಗುದ್ತೀರಿ ಅಂತ ಗೊತ್ತಿತ್ತು. ಅದಕ್ಕೇ ಮುಂದೆ ಇದ್ದೆ."

ನನಗೆ ನಾಚಿಕೆಯಾಯಿತು. ಇವನ ನಲವತ್ತು ಕಿಲೋ ಕಬ್ಬಿಣವನ್ನು ಇವನ ಸೋಲಿಗೆಂದು ಬಿಟ್ಟುಕೊಟ್ಟವಳು ನಾನು. ಅದನ್ನು ಅವನಿಗೆ ಹೇಳಿಯೂ ಬಿಟ್ಟೆ. ಅವನು "ಒಳ್ಳೇದಾಯ್ತು ಬಿಡಿ," ಎಂದು ನಗತೊಡಗಿದ. ನನಗೆ ನಗುವೂ ಬಂತು, ಅಳುವೂ ಬಂತು, ಯಾವುದನ್ನು ಮೊದಲು ಮಾಡಲಿ ಎಂದು ತಿಳಿಯಲಿಲ್ಲ.

ಕೆಂಚಿಯ ರೇಡಿಯೇಟರು ಅಪ್ಪಚ್ಚಿಯಾಗಿ ನೀರು ಸೋರುತ್ತಿತ್ತು. ಅವಳು ಇನ್ನು ಓಡುವುದಿಲ್ಲ ಎಂದು ನೋಡಿದ ಕೂಡಲೇ ತಿಳಿಯಿತು. ನಂದೀಶ ಸರಪಳಿ ತಂದು ಎಲ್ಲವನ್ನೂ ಸಾಲಾಗಿ ಬಿಗಿದ. ಬಿಳಿ ಗಾಡಿಯ ಹಿಂದೆ ಅವನ ಟ್ಯಾಂಕರು, ಅದರ ಹಿಂದೆ ಕೆಂಚಿ, ಕೆಂಚಿಯ ಹಿಂದೆ ನನ್ನ ಟ್ಯಾಂಕರು. ನೀರು ಚೆಲ್ಲಿಬಿಡು ಎಂದೆ. ಸುಟ್ಟ ಬ್ರೇಕಿಗೆ ಬೇಕಾದಷ್ಟನ್ನು ಸುರಿದ, ಉಳಿದದ್ದು ಊರಿಗೆ ಕುಡಿಯೋ ನೀರು, ಇರಲಿ ಎಂದ. ಮೊದಲ ಗೇರಿನಲ್ಲಿ, ಮುದುಕಿ ನಡೆಯುವ ವೇಗದಲ್ಲಿ, ಆ ಗಾಡಿ ಇಷ್ಟನ್ನೂ ಮೇಲಕ್ಕೆ ಎಳೆಯಿತು. ಎಳೆಯುವುದೆಂದರೆ ಏನೆಂದು ನನಗೆ ಗೊತ್ತು. ಹದಿನೆಂಟು ವರ್ಷ ಎಳೆದವಳು ನಾನು. ನ್ಯೂಟ್ರಲ್ಲಿನಲ್ಲಿದ್ದ ಕೆಂಚಿಯ ಸ್ಟಿಯರಿಂಗು ಹಿಡಿದು ಕೂತು ಆ ಬಿಳಿ ಬೆನ್ನನ್ನು ನೋಡುತ್ತ ಮನಸ್ಸಿನಲ್ಲೇ ಕೈ ಮುಗಿದೆ.

ಕಟ್ಟೆಯ ಮುಂದೆ ಊರಿಗೆ ಊರೇ ಸೇರಿತ್ತು. ಒಂದೇ ಸಾಲಿನಲ್ಲಿ ಬಂದ ಮೆರವಣಿಗೆಯನ್ನು ನೋಡಿ ಯಾರೂ ಏನಾಯಿತು ಎಂದು ಕೇಳಲಿಲ್ಲ. ದಸ್ತಗೀರ್ ನೇರವಾಗಿ ಅರಗಿನ ಮುದ್ರೆ ಒಡೆದ. ಎರಡೂ ಟ್ಯಾಂಕಿಗೆ ಮತ್ತೆ ಗಂಟಲಮಟ ಡೀಸೆಲ್ ಸುರಿದು ಎಷ್ಟು ಹಿಡಿಯಿತೆಂದು ನೋಡಿದರು. ಇಬ್ಬರದೂ ಇಪ್ಪತ್ತೆರಡು ಕಿಲೋಮೀಟರು. ಬಿಳಿ ಗಾಡಿಗೆ ಹನ್ನೊಂದು ಲೀಟರು ಹಿಡಿಯಿತು. ಕೆಂಚಿಗೆ ಒಂದು.

ಚನವೀರಪ್ಪ ಮೂರು ಸಲ ಬೆರಳು ಮಡಚಿ ಎಣಿಸಿದ. ಅವನ ಕಣ್ಣಲ್ಲಿ ನೀರು ಬಂತು. "ಲೀಟರಿಗೆ ಇಪ್ಪತ್ತೆರಡು," ಎಂದ. ಜನ ಕೆಂಚಿಯ ಜಜ್ಜಿಹೋದ ಮೂತಿಗೆ ಕುಂಕುಮ ಹಚ್ಚಿದರು, ಹಾರ ಹಾಕಿದರು. ನಂದೀಶ ತನ್ನ ಚೀಲ ಹೆಗಲಿಗೇರಿಸಿಕೊಂಡು ಬೀಗದ ಕೈಯನ್ನು ಕಟ್ಟೆಯ ಮೇಲಿಟ್ಟ.

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನನ್ನಿಂದ ಆಗಲಿಲ್ಲ.

"ಅಧ್ಯಕ್ಷರ, ಕೆಂಚಿ ಓಡಿಲ್ಲ. ಹೋಗೂ ಮುಂದ ದಾರಿ ನೂಕ್ತು, ಬರೂ ಮುಂದ ಈ ಹುಡುಗ ಎಳದಾನ. ಗೆದ್ದದ್ದು ಅವನ ಗಾಡಿ."

"ಗಾಲಿ ತಿರಗ್ಯಾವೋ ಇಲ್ಲೋ?"

"ತಿರಗ್ಯಾವ."

"ಮೀಟರ್ ಏರೈತೋ ಇಲ್ಲೋ?"

"ಏರೈತಿ. ಆದ್ರ—"

"ಡೀಸೆಲ್ ಒಂದ ಲೀಟರ್. ಮುಗೀತಲ್ಲವಾ. ನೂಕಿದವರ್ಯಾರು, ಎಳದವರ್ಯಾರು ಅಂತ ಪುಸ್ತಕದಾಗ ಬರಿಯಾಕ ಜಾಗಾ ಇಲ್ಲ."

ಎಷ್ಟು ವಾದಿಸಿದರೂ ಅವನು ಜಗ್ಗಲಿಲ್ಲ. ಫಕೀರವ್ವನದು ಎಂಥ ವಿನಯ ಎಂದು ಹೆಂಗಸರು ಮಾತಾಡಿಕೊಂಡರು. ನೀರಿನ ಹಕ್ಕು ನನ್ನದು, ಬಿಳಿ ಗಾಡಿ ಪಂದ್ಯ ಗೆದ್ದವಳದು, ಅಂದರೆ ಅದೂ ನನ್ನದು. ನಂದೀಶ ಆಗಲೇ ಹೊರಟು ಹತ್ತು ಹೆಜ್ಜೆ ನಡೆದಿದ್ದ. ಗಾಡಿ ಕಳೆದುಕೊಂಡು ಹೋದವನನ್ನು ಕಂಪನಿ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಅವನ ನಡಿಗೆ ನೋಡಿದರೇ ಗೊತ್ತಾಗುತ್ತಿತ್ತು.

"ತಮ್ಮಾ, ನಿಂದ್ರು," ಎಂದು ಕೂಗಿದೆ. "ಗಾಡಿ ನನಗ ಬಂತಲ್ಲ, ಅದನ್ನ ಓಡಸಾಕ ನನಗ ಬರೂದಿಲ್ಲ. ಅದರಾಗ ಮೂರು ಪೆಡಲ್ ಅದಾವ. ನೀ ಇಲ್ಲೇ ಇರು. ಅರ್ಧ ಕೆಲಸ ನಿಂದು, ಅರ್ಧ ನಂದು."

ಅವನು ನಿಂತ. ಹಿಂದಕ್ಕೆ ಬರಬೇಕಾದರೂ ಏರೇ, ಬೆವರು ಒರೆಸಿಕೊಳ್ಳುತ್ತ ಬಂದ. ಕೆಂಚಿಯನ್ನು ದಸ್ತಗೀರನ ಹಿತ್ತಲಿಗೆ ಬಿಟ್ಟು ಬರುವಾಗ ನಾನು ಗೊಳೋ ಎಂದು ಅತ್ತೆ.

ಮಾರನೆಯ ದಿನ ಬೆಳಿಗ್ಗೆ ಗಡಿಗಲ್ಲಿನ ಹತ್ತಿರ ಇಪ್ಪತ್ತಕ್ಕೂ ಹೆಚ್ಚು ಗಾಡಿಗಳು ಸಾಲಾಗಿ ನಿಂತಿದ್ದವು. ಮುಂದಿನದು ಚನವೀರಪ್ಪನದು, ಈ ಸಲ ಅವನು ಒಳಗೇ ಕೂತಿದ್ದ. ಹಿಂದೆ ಹೆಂಡತಿ, ಸೊಸೆ, ಇಬ್ಬರು ಮೊಮ್ಮಕ್ಕಳು. ಡೀಸೆಲ್ ಇಲ್ಲದೆ ಓಡುವ ರಸ್ತೆ ಎಂಬ ಸುದ್ದಿ ರಾತ್ರಿಯೇ ಮನೆಮನೆಗೆ ಮುಟ್ಟಿತ್ತು. ಒಂದು ಗಾಡಿಗೂ ಬ್ರೇಕಿರಲಿಲ್ಲ. ಹಾಕಿಸಿಕೊಂಡು ಬನ್ನಿ ಎಂದೆ. ದೃಷ್ಟಿಗೆ ಕಟ್ಟಿದ್ದನ್ನು ಬಿಚ್ಚುವುದುಂಟೇ ಎಂದು ನಕ್ಕರು. ಆ ಮೊಮ್ಮಕ್ಕಳು ಕಿಟಕಿಯಿಂದ ಕೈ ಬೀಸುತ್ತಿದ್ದವು.

ನಂದೀಶನನ್ನು ನೋಡಿದೆ. ಅವನು ಬಿಳಿ ಗಾಡಿಯನ್ನು ತಂದು ರಸ್ತೆಯ ಬಾಯಿಗೆ ಅಡ್ಡ ನಿಲ್ಲಿಸಿದ.

"ಹೋಗೂದಾದ್ರ ಒಬ್ಬೊಬ್ಬರಾಗಿ ನಮ್ಮ ಗಾಡಿ ಬೆನ್ನಿಗಿ ಮೂತಿ ಹಚ್ಚಿಕೊಂಡು ಬರ್ರಿ," ಎಂದೆ. "ಇಲ್ಲಾಂದ್ರ ನನ್ನ ಮ್ಯಾಲ ಹಾಯಿಸಿಕೊಂಡು ಹೋಗ್ರಿ."

ಬೈದರು, ಗೊಣಗಿದರು, ಹಾರ್ನು ಬಾರಿಸಿದರು. ಕೊನೆಗೆ ಚನವೀರಪ್ಪನೇ ಮೊದಲು ಬಂದು ಮೂತಿ ಹಚ್ಚಿದ.

ಅಂದಿನಿಂದ ಬೆಳಿಗ್ಗೆ ನೀರು ಎಳೆಯುತ್ತೇನೆ, ಮಧ್ಯಾಹ್ನ ಊರವರನ್ನು ಹಿಡಿದು ಇಳಿಸುತ್ತೇನೆ. ಬ್ರೇಕು ತುಳಿಯುವುದನ್ನು ಕಲಿಯಲು ನನಗೆ ಎರಡು ವಾರ ಹಿಡಿಯಿತು, ಮೊದಲ ದಿನ ನಂದೀಶನ ಹಣೆ ಗಾಜಿಗೆ ಬಡಿದು ಬುಗುಟೆ ಎದ್ದಿತು. ಇಷ್ಟಾದರೂ ಕೂಡುರಸ್ತೆಯಲ್ಲಿ ಇಳಿದ ಕೂಡಲೇ ಪ್ರತಿಯೊಬ್ಬರೂ ನನ್ನನ್ನು ಬೈಯುತ್ತಾರೆ. ಮುದುಕಿ ಬಿಡಲೇ ಇಲ್ಲ, ಒಳ್ಳೆ ಗಾಳಿ ತಗೊಳ್ಳುವಷ್ಟು ವೇಗ ಬರಲಿಲ್ಲ, ನಮ್ಮ ಮೈಲೇಜೆಲ್ಲ ಹಾಳಾಯಿತು ಎನ್ನುತ್ತಾರೆ. ಸೊಂಟದ ಮೇಲೆ ಕೈಯಿಟ್ಟು, ಕೆಳಗೆ ನಿಂತು, ಜೋರಾಗಿ ಬೈಯುತ್ತಾರೆ. ನಾನು ಎಣಿಸಿಕೊಳ್ಳುತ್ತೇನೆ. ಮೇಲೆ ಎಷ್ಟು ಜನ ಗಾಡಿ ಹತ್ತಿದ್ದರೋ ಅಷ್ಟೂ ಜನ ಬೈಯುತ್ತಿದ್ದರೆ ಗಾಡಿ ತಿರುಗಿಸಿಕೊಂಡು ಮೇಲೆ ಬರುತ್ತೇನೆ.